ಅಪ್‌ಡೇಟ್ ಆದ ಮೇಲೆ ಅಮ್ಮನ ಫೋನ್ ಲೋಗೋ ದಾಟುತ್ತಿಲ್ಲ: ಒಳಗಿರುವ ಹಾಡುಗಳನ್ನು ಉಳಿಸಿಕೊಳ್ಳಬೇಕು

ಶರಾವತಿ ದಂಡೆ · ಭಾನುವಾರ, ಬೆಳಿಗ್ಗೆ 10.20

ಎಲ್ಲರಿಗೂ ನಮಸ್ಕಾರ. ನಾನಿರುವುದು ಬೆಂಗಳೂರಿನಲ್ಲಿ, ಅಮ್ಮ ಇರುವುದು ಸಾಗರದ ಹತ್ತಿರದ ಊರಿನಲ್ಲಿ. ಅಮ್ಮನ ಆಂಡ್ರಾಯ್ಡ್ ಫೋನಿಗೆ ನಾಲ್ಕು ವರ್ಷವಾಯಿತು. ಆಂಡ್ರಾಯ್ಡ್ 12, 3 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್. ಶುಕ್ರವಾರ ರಾತ್ರಿ ಅಪ್‌ಡೇಟ್ ಬಂದಿದೆ ಎಂಬ ಸೂಚನೆ ಕಾಣಿಸಿತಂತೆ. ಅಮ್ಮ ಅದನ್ನು ಒತ್ತಿ ಮಲಗಿದ್ದಾರೆ. ಬೆಳಿಗ್ಗೆ ಎದ್ದು ನೋಡಿದರೆ ಕಂಪನಿಯ ಲೋಗೋ ಬರುತ್ತದೆ, ಒಮ್ಮೆ ನಡುಗುತ್ತದೆ, ಕಪ್ಪಾಗುತ್ತದೆ, ಮತ್ತೆ ಲೋಗೋ. ಅದರಾಚೆಗೆ ಹೋಗುತ್ತಿಲ್ಲ.

ಪಕ್ಕದ ಮನೆಯ ಹುಡುಗ ನಿನ್ನೆ ಪೇಟೆಯ ಅಂಗಡಿಗೆ ಒಯ್ದಿದ್ದ. ಸಾಫ್ಟ್‌ವೇರ್ ಹೋಗಿದೆ, ಹೊಸದಾಗಿ ಹಾಕಬೇಕು, 600 ರೂಪಾಯಿ ಆಗುತ್ತದೆ, ಒಳಗಿರುವುದೆಲ್ಲ ಅಳಿಸಿಹೋಗುತ್ತದೆ ಎಂದರಂತೆ. ಅವನು ಬುದ್ಧಿವಂತ, ನನ್ನನ್ನು ಕೇಳದೆ ಒಪ್ಪಲಿಲ್ಲ.

ನನಗೆ ಫೋನ್ ಮುಖ್ಯವಲ್ಲ. ಅದರಲ್ಲಿ ದೊಡ್ಡಮ್ಮ ಹೇಳಿದ ಸಂಪ್ರದಾಯದ ಹಾಡುಗಳಿವೆ. ಹಸೆ ಹಾಡು, ಆರತಿ ಹಾಡು, ಹೆಣ್ಣು ಒಪ್ಪಿಸುವ ಹಾಡು, ಒಟ್ಟು ನಲವತ್ತಕ್ಕೂ ಹೆಚ್ಚು. ಎರಡು ವರ್ಷಗಳಿಂದ ಅಮ್ಮ ಒಂದೊಂದಾಗಿ ಹೇಳಿಸಿಕೊಂಡು ಫೋನಿನ ರೆಕಾರ್ಡರ್‌ನಲ್ಲಿ ಹಿಡಿದಿಟ್ಟಿದ್ದರು. ದೊಡ್ಡಮ್ಮ ಕಳೆದ ಮಾಘದಲ್ಲಿ ತೀರಿಕೊಂಡರು. ಬೇರೆಲ್ಲೂ ಪ್ರತಿಯಿಲ್ಲ. ಗೂಗಲ್ ಫೋಟೋಸ್ ಬ್ಯಾಕಪ್ ಆನ್ ಇತ್ತು, ಆದ್ದರಿಂದ ಹಾಡುಗಳೂ ಅಲ್ಲಿರಬಹುದು ಎಂದು ಹುಡುಕಿದೆ. ಒಂದೂ ಇಲ್ಲ. ದಯವಿಟ್ಟು ದಾರಿ ತೋರಿಸಿ.

ಬೋರ್ಡ್ ರಿಪೇರಿ · ಭಾನುವಾರ, 10.48

ಮೇಡಂ, ಮೊದಲು ಒಂದು ಮಾತು: ಯಾರು ಹೇಳಿದರೂ ಫ್ಯಾಕ್ಟರಿ ರೀಸೆಟ್ ಮಾಡಬೇಡಿ, ಸಾಫ್ಟ್‌ವೇರ್ ಹಾಕಿಸಬೇಡಿ. ನಾನು ಎಸ್.ಪಿ. ರಸ್ತೆಯಲ್ಲಿ 14 ವರ್ಷಗಳಿಂದ ಬೋರ್ಡ್ ಕೆಲಸ ಮಾಡುತ್ತಿದ್ದೇನೆ. ರೀಸೆಟ್ ಆದ ಮೇಲೆ ಫೋಟೋ ವಾಪಸ್ ತೆಗೆದುಕೊಡಿ ಎಂದು ಬರುವವರನ್ನು ಬರಿಗೈಯಲ್ಲಿ ಕಳುಹಿಸುವ ಸಂಕಟ ನನಗೆ ಗೊತ್ತು.

ಹಳೆಯ ಕಾಲದ ಮೆಮೊರಿ ಕಾರ್ಡಿನಲ್ಲಿ ಅಳಿಸಿದ್ದನ್ನು ಮತ್ತೆ ಎತ್ತಬಹುದಿತ್ತು. ಈಗಿನ ಫೋನಿನ ಒಳಗಿನ ಸ್ಟೋರೇಜ್ ಹಾಗಲ್ಲ. ಎಲ್ಲವೂ ಗೂಢಲಿಪಿಯಲ್ಲಿ ಕುಳಿತಿರುತ್ತದೆ, ಬೀಗದ ಕೈ ಬೋರ್ಡಿನ ಚಿಪ್ಪಿನೊಳಗೇ ಇರುತ್ತದೆ. 2019ರ ಆಂಡ್ರಾಯ್ಡ್ 10ರೊಂದಿಗೆ ಬಂದ ಫೋನುಗಳಿಂದ ಈಚೆಗೆ ಅಗ್ಗದ ಫೋನಿಗೂ ಇದು ಕಡ್ಡಾಯ. ರೀಸೆಟ್ ಮಾಡಿದ ಕ್ಷಣ ಆ ಬೀಗದ ಕೈ ನಾಶವಾಗುತ್ತದೆ. ಮೆಮೊರಿ ಚಿಪ್ಪನ್ನೇ ಕಿತ್ತು ಬೇರೆಡೆ ಓದಿದರೂ ಅರ್ಥವಿಲ್ಲದ ಅಂಕಿಗಳು ಮಾತ್ರ ಸಿಗುತ್ತವೆ. ರೀಸೆಟ್ ಆದ ಮೇಲೂ ತೆಗೆದುಕೊಡುತ್ತೇವೆ ಎಂದು ಯಾರಾದರೂ ಮುಂಗಡ ಕೇಳಿದರೆ ಕೊಡಬೇಡಿ.

ಹಾಡುಗಳು ಗೂಗಲ್ ಫೋಟೋಸ್‌ನಲ್ಲಿ ಇಲ್ಲದಿರುವುದಕ್ಕೂ ಕಾರಣವಿದೆ. ಅದು ಫೋಟೋ ಮತ್ತು ವಿಡಿಯೋಗಳನ್ನು ಮಾತ್ರ ಒಯ್ಯುತ್ತದೆ, ಧ್ವನಿ ಫೈಲುಗಳನ್ನು ಮುಟ್ಟುವುದಿಲ್ಲ. ಬಹಳ ಜನರಿಗೆ ಇದು ಗೊತ್ತಾಗುವುದು ಕಳೆದುಕೊಂಡ ಮೇಲೆಯೇ.

ಈಗ ಇದನ್ನು ತಿಳಿಸಿ. ಲೋಗೋದಿಂದ ಲೋಗೋಗೆ ಎಷ್ಟು ಸೆಕೆಂಡ್? ಪ್ರತಿ ಸಲವೂ ಅಷ್ಟೇ ಹೊತ್ತೋ, ಹೆಚ್ಚು ಕಡಿಮೆ ಆಗುತ್ತದೆಯೋ? ಚಾರ್ಜರ್ ಹಾಕಿದಾಗ ಬ್ಯಾಟರಿಯ ಚಿತ್ರ ಬರುತ್ತದೆಯೋ, ನೇರವಾಗಿ ಲೋಗೋ ಬರುತ್ತದೆಯೋ?

ಕಪ್ಪು ಮಣ್ಣು · ಭಾನುವಾರ, 11.30

ಗದಗದಿಂದ ಬರೆಯುತ್ತಿದ್ದೇನೆ. ನನ್ನ ಅನುಭವದಲ್ಲಿ ಚೆನ್ನಾಗಿ ನಡೆಯುತ್ತಿರುವ ಫೋನಿಗೆ ಅಪ್‌ಡೇಟ್ ಮಾಡುವುದೇ ತಪ್ಪು. ನನ್ನ ಹಿಂದಿನ ಫೋನಿಗೆ ಅಪ್‌ಡೇಟ್ ಆದ ಮರುವಾರವೇ ಪರದೆಯ ಮೇಲೆ ಹಸಿರು ಗೆರೆ ಬಿತ್ತು. ಸರ್ವಿಸ್ ಸೆಂಟರ್‌ನವರು ವಾರಂಟಿ ಮುಗಿದಿದೆ ಎಂದು ಕೈಚೆಲ್ಲಿದರು. ದೊಡ್ಡ ಕಂಪನಿಗಳೂ ಇದರಿಂದ ಹೊರತಲ್ಲ. 2025ರ ಜನವರಿಯಲ್ಲಿ ಗೂಗಲ್ ತನ್ನದೇ ಪಿಕ್ಸೆಲ್ 4ಎ ಫೋನಿಗೆ ಕಳುಹಿಸಿದ ಅಪ್‌ಡೇಟ್, ಎಷ್ಟೋ ಫೋನುಗಳ ಬ್ಯಾಟರಿ ಹಿಡಿಯುವ ಸಾಮರ್ಥ್ಯವನ್ನೇ ತಗ್ಗಿಸಿತು. 2021ರ ಮಾರ್ಚ್‌ನಲ್ಲಿ ವೆಬ್‌ವ್ಯೂ ಎಂಬ ಒಂದು ಭಾಗದ ಅಪ್‌ಡೇಟ್ ಕೆಟ್ಟು ಜಿಮೇಲ್ ಸೇರಿದಂತೆ ಹಲವು ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿದ್ದವು. ಅಂದಿನಿಂದ ನಾನು ಎಲ್ಲ ಅಪ್‌ಡೇಟ್ ನಿಲ್ಲಿಸಿದ್ದೇನೆ. ನಿಮ್ಮ ಅಮ್ಮನ ಫೋನಿಗೂ ಅದೇ ಮಾಡಿ.

ತುಂಗಾ ತೀರ · ಭಾನುವಾರ, 12.05

ಕಪ್ಪು ಮಣ್ಣು ಅವರೇ, ನೀವು ಹೇಳಿದ ಎರಡೂ ಘಟನೆ ನಿಜ. ಆದರೂ ಈ ಪ್ರಕರಣದಲ್ಲಿ ಅಪ್‌ಡೇಟ್ ಮೇಲೆ ಅನುಮಾನ ಪಡಲು ನಾನು ಅವಸರ ಮಾಡುವುದಿಲ್ಲ. ಸಾಫ್ಟ್‌ವೇರ್ ಪರೀಕ್ಷೆ ನನ್ನ ವೃತ್ತಿ, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ.

2016ರ ಆಂಡ್ರಾಯ್ಡ್ 7ರಿಂದ ಎರಡು ಸ್ಲಾಟ್‌ಗಳ ಪದ್ಧತಿ ಬಂದಿದೆ. ಒಂದು ಸ್ಲಾಟ್‌ನಿಂದ ಫೋನ್ ನಡೆಯುತ್ತಿರುವಾಗಲೇ ಹೊಸ ಆವೃತ್ತಿ ಇನ್ನೊಂದರಲ್ಲಿ ಕುಳಿತುಕೊಳ್ಳುತ್ತದೆ. ಮರುಚಾಲನೆಯಾದಾಗ ಹೊಸದು ಏಳದಿದ್ದರೆ ಕೆಲವು ಪ್ರಯತ್ನಗಳ ನಂತರ ಫೋನ್ ತಾನಾಗಿಯೇ ಹಳೆಯ ಸ್ಲಾಟ್‌ಗೆ ಮರಳುತ್ತದೆ. ಎಲ್ಲ ಕಂಪನಿಗಳೂ ಇದನ್ನು ಕೂಡಲೇ ಅಳವಡಿಸಿಕೊಳ್ಳಲಿಲ್ಲ, ಆದರೆ ನಾಲ್ಕು ವರ್ಷದ ಫೋನಿನಲ್ಲಿ ಇರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಎರಡು ದಿನ ಒಂದೇ ಸಮನೆ ಸುತ್ತುತ್ತಿರಬಾರದು.

ಇನ್ನೊಂದು ಅನುಮಾನ ಸ್ಟೋರೇಜ್. 32 ಜಿಬಿಯ ಫೋನಿನಲ್ಲಿ ಆಂಡ್ರಾಯ್ಡ್ ಮತ್ತು ಕಂಪನಿಯ ಆ್ಯಪ್‌ಗಳೇ ಹತ್ತಾರು ಜಿಬಿ ನುಂಗುತ್ತವೆ, ಉಳಿದದ್ದನ್ನು ವಾಟ್ಸ್‌ಆ್ಯಪ್‌ನ ಶುಭೋದಯದ ಚಿತ್ರಗಳು ತುಂಬುತ್ತವೆ. ಜಾಗ ಪೂರ್ತಿ ಮುಗಿದರೆ ಫೋನ್ ಏಳಲು ಬೇಕಾದ ಚಿಕ್ಕ ಫೈಲುಗಳನ್ನು ಬರೆಯಲೂ ಎಡೆಯಿಲ್ಲದೆ ಲೋಗೋದಲ್ಲೇ ಸಿಕ್ಕಿಕೊಳ್ಳುವುದುಂಟು.

ಊರಿನಲ್ಲಿ ಯಾರಾದರೂ ವಿಡಿಯೋ ಕರೆಯಲ್ಲಿ ಸಿಗುವುದಾದರೆ ರಿಕವರಿ ಪರದೆಗೆ, ಅಂದರೆ ಫೋನ್ ಏಳದಿದ್ದಾಗ ದುರಸ್ತಿಗೆಂದು ಇರುವ ಮೆನುವಿಗೆ, ಹೋಗಿ ನೋಡಬಹುದು. ಹೆಚ್ಚಿನ ಫೋನುಗಳಲ್ಲಿ ಪವರ್ ಮತ್ತು ವಾಲ್ಯೂಮ್ ಹೆಚ್ಚಿಸುವ ಬಟನ್ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯಬೇಕು. ಅಲ್ಲಿ ಏನನ್ನೂ ಆಯ್ಕೆ ಮಾಡಬೇಡಿ, ಏನೇನು ಬರೆದಿದೆ ಎಂದು ಮಾತ್ರ ತಿಳಿಸಿ. ‘ವೈಪ್ ಡೇಟಾ’ ಎಂಬ ಸಾಲಿನ ಹತ್ತಿರವೂ ಹೋಗಬೇಡಿ. ‘ವೈಪ್ ಕ್ಯಾಷ್’ ಬೇರೆ, ಅದು ನಿಮ್ಮ ಫೈಲುಗಳನ್ನು ಮುಟ್ಟುವುದಿಲ್ಲ. ಎರಡು ಸ್ಲಾಟ್‌ಗಳ ಫೋನಿನಲ್ಲಿ ಆ ಸಾಲು ಇಲ್ಲದೆಯೂ ಇರಬಹುದು.

ಹಳ್ಳಿ ಮೇಷ್ಟ್ರು · ಭಾನುವಾರ, ಮಧ್ಯಾಹ್ನ 1.40

ಅಪ್‌ಡೇಟ್ ನಿಲ್ಲಿಸಿ ಎಂಬ ಸಲಹೆ ಓದಿ ಮನಸ್ಸು ತಡೆಯಲಿಲ್ಲ. ನಮ್ಮ ಮಾವನವರ ಹಳೆಯ ಫೋನಿಗೆ ಕಳೆದ ವರ್ಷ ವಾಟ್ಸ್‌ಆ್ಯಪ್‌ನಲ್ಲಿ ಮದುವೆಯ ಕರೆಯೋಲೆ ಎಂಬ ಹೆಸರಿನ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಬಂತು. ಪರಿಚಯದವರ ಸಂಖ್ಯೆಯಿಂದಲೇ ಬಂದಿತ್ತು. ಒತ್ತಿದರು, ಕೇಳಿದ್ದಕ್ಕೆಲ್ಲ ‘ಅನುಮತಿಸಿ’ ಎಂದರು. ಮದುವೆಗೆ ಹೋಗಬೇಕಲ್ಲ, ಯಾರ ಮನೆಯದು ಎಂದು ನೋಡುವ ಆತುರ. ಎರಡು ಗಂಟೆಯೊಳಗೆ ಖಾತೆಯಿಂದ 84,000 ರೂಪಾಯಿ ಹೋಯಿತು. ಒಟಿಪಿ ಅವರಿಗೆ ಕಾಣಿಸಲೇ ಇಲ್ಲ, ಫೋನಿನೊಳಗೆ ಕುಳಿತದ್ದು ಅದನ್ನು ಮೊದಲೇ ಓದಿ ಕಳುಹಿಸುತ್ತಿತ್ತು. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದರಿಂದ ಸ್ವಲ್ಪ ಹಣ ತಡೆಹಿಡಿಯಲಾಯಿತು, ಪೂರ್ತಿ ಬರಲಿಲ್ಲ. ಫೋನ್ ಮೂರು ವರ್ಷದಿಂದ ಅಪ್‌ಡೇಟ್ ಕಂಡಿರಲಿಲ್ಲ.

ತುಂಗಾ ತೀರ · ಭಾನುವಾರ, 2.15

ಮೇಷ್ಟ್ರೇ, ಓದಿ ಬೇಸರವಾಯಿತು. ಒಂದು ತಿದ್ದುಪಡಿ ಹೇಳಲೇಬೇಕು. ಅಪ್‌ಡೇಟ್ ಇಲ್ಲದ್ದರಿಂದಲೇ ಹೀಗಾಯಿತು ಎನ್ನಲಾಗದು. ಹೊಸ ಫೋನಿನಲ್ಲಿಯೂ ಹೊರಗಿನ ಎಪಿಕೆ ಹಾಕಿ ಸಂದೇಶ ಓದುವ ಅನುಮತಿ ಕೊಟ್ಟರೆ ಇದೇ ಆಗಬಹುದು. ಹೊಸ ಆವೃತ್ತಿಯಲ್ಲಿ ಅಡ್ಡಗಟ್ಟೆಗಳು ಹೆಚ್ಚು ಎಂಬುದು ಮಾತ್ರ ಸತ್ಯ. 2022ರ ಆಂಡ್ರಾಯ್ಡ್ 13ರಿಂದ ಹೀಗೆ ಹೊರಗಿನಿಂದ ಬಂದ ಆ್ಯಪ್ ಆಕ್ಸೆಸಿಬಿಲಿಟಿಯಂಥ (ಪರದೆಯನ್ನು ಓದಿ ತಾನೇ ಒತ್ತಬಲ್ಲ) ಅಪಾಯಕಾರಿ ಅನುಮತಿ ಕೇಳಿದರೆ ಫೋನ್ ಮೊದಲು ತಡೆಯುತ್ತದೆ. ಆ ತಡೆಯನ್ನು ದಾಟಲು ಸೆಟ್ಟಿಂಗ್ಸ್‌ನಲ್ಲಿ ಹುಡುಕಿಕೊಂಡು ಹೋಗಬೇಕು. ವಯಸ್ಸಾದವರು ಅಲ್ಲಿಯೇ ನಿಲ್ಲುತ್ತಾರೆ, ಹಣ ಉಳಿಯುತ್ತದೆ.

ಬಿಸಿಲೂರು · ಭಾನುವಾರ, 3.30

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ರಾಯಚೂರಿನವನು. ನನ್ನ ಫೋನಿನ ಹಿಂಬದಿ ಒಂದು ಮೂಲೆಯಲ್ಲಿ ಉಬ್ಬಿ ಪರದೆ ಎದ್ದಂತಾಗಿದೆ. ಅಪ್‌ಡೇಟ್ ಮಾಡಿದರೆ ಬಿಸಿಯಾಗುವುದು ಕಡಿಮೆಯಾಗುತ್ತದೆಯೇ?

ಬೋರ್ಡ್ ರಿಪೇರಿ · ಭಾನುವಾರ, 3.34

ಸರ್, ಈಗಲೇ ಚಾರ್ಜರ್ ತೆಗೆದು ಫೋನ್ ಸ್ವಿಚ್ ಆಫ್ ಮಾಡಿ. ಅದು ಉಬ್ಬಿದ ಬ್ಯಾಟರಿ. ಒತ್ತಬೇಡಿ, ಚುಚ್ಚಬೇಡಿ, ದಿಂಬಿನ ಹತ್ತಿರ ಇಡಬೇಡಿ, ಮಕ್ಕಳ ಕೈಗೆ ಕೊಡಬೇಡಿ. ನಾಳೆಯೇ ಬ್ಯಾಟರಿ ಬದಲಿಸಿ, ಹಳೆಯದನ್ನು ಕಸದ ಬುಟ್ಟಿಗೆ ಎಸೆಯದೆ ಅಂಗಡಿಯಲ್ಲೇ ಕೊಡಿ.

ಶರಾವತಿ ದಂಡೆ · ಭಾನುವಾರ, ಸಂಜೆ 6.50

ಪಕ್ಕದ ಮನೆಯ ಹುಡುಗನ ಜೊತೆ ಒಂದು ಗಂಟೆ ವಿಡಿಯೋ ಕರೆಯಲ್ಲಿ ಕುಳಿತಿದ್ದೆ. ನಾನು ನೋಡಿದ್ದನ್ನೆಲ್ಲ ಬರೆಯುತ್ತೇನೆ.

ಕೈಗಡಿಯಾರ ಹಿಡಿದು ಲೆಕ್ಕ ಹಾಕಿದೆವು. ಕೆಲವು ಸಲ 11 ಸೆಕೆಂಡಿಗೆ ಕಪ್ಪಾಗುತ್ತದೆ, ಕೆಲವು ಸಲ 20ಕ್ಕೆ. ಒಮ್ಮೆ ಲೋಗೋ ದಾಟಿ ಚುಕ್ಕಿಗಳು ಓಡುವವರೆಗೂ ಹೋಯಿತು. ಚಾರ್ಜರ್ ಹಾಕಿದರೆ ಬ್ಯಾಟರಿಯ ಚಿತ್ರ ಬರುವುದೇ ಇಲ್ಲ, ನೇರವಾಗಿ ಲೋಗೋ. ರಿಕವರಿಗೆ ಹೋಗುವಾಗ ವಿಚಿತ್ರವೊಂದು ನಡೆಯಿತು. ಹುಡುಗ ಎರಡೂ ಬಟನ್ ಒತ್ತುವ ಮೊದಲೇ, ವಾಲ್ಯೂಮ್ ಬಟನ್ ಒಂದನ್ನೇ ಹಿಡಿದಿದ್ದಾಗ, ಆ ಪರದೆ ಬಂದುಬಿಟ್ಟಿತು. ಬಂದದ್ದು ನಿಲ್ಲಲಿಲ್ಲ. ಸಾಲುಗಳನ್ನು ಓದುವಷ್ಟರಲ್ಲಿ ಮೊದಲ ಸಾಲು ತಾನಾಗಿಯೇ ಆಯ್ಕೆಯಾಗಿ ಫೋನ್ ಮತ್ತೆ ಲೋಗೋಗೆ ಮರಳಿತು. ಮೂರು ಸಲವೂ ಹೀಗೆಯೇ ಆಯಿತು. ಹುಡುಗ ಏನನ್ನೂ ಮುಟ್ಟಲಿಲ್ಲ ಎಂದು ನಾನು ಕಣ್ಣಾರೆ ಕಂಡಿದ್ದೇನೆ.

ಬೋರ್ಡ್ ರಿಪೇರಿ · ಭಾನುವಾರ, 7.02

ಮೇಡಂ, ಸಮಾಧಾನವಾಗಿರಿ. ನಿಮ್ಮ ಹಾಡುಗಳು ಇವೆ ಎಂದೇ ನನಗೆ ಅನ್ನಿಸುತ್ತದೆ. ಸಾಫ್ಟ್‌ವೇರ್ ಏನೂ ಆಗಿಲ್ಲ, ಪವರ್ ಬಟನ್ ಒಳಗೇ ಸಿಕ್ಕಿಕೊಂಡಿದೆ.

ಹೇಗೆಂದು ಹೇಳುತ್ತೇನೆ. ರಿಕವರಿ ಪರದೆಯಲ್ಲಿ ವಾಲ್ಯೂಮ್ ಬಟನ್ ಮೇಲೆ ಕೆಳಗೆ ಹೋಗಲು, ಪವರ್ ಬಟನ್ ಆಯ್ಕೆ ಮಾಡಲು. ಮೊದಲ ಸಾಲು ‘ರೀಬೂಟ್’. ಯಾರೂ ಒತ್ತದೆ ಅದು ಆಯ್ಕೆಯಾಗುತ್ತಿದೆ ಎಂದರೆ ಪವರ್ ಬಟನ್ ಅರೆಬರೆ ಒತ್ತಿಕೊಂಡೇ ಇದೆ. ವಾಲ್ಯೂಮ್ ಒಂದನ್ನೇ ಹಿಡಿದರೂ ರಿಕವರಿ ಬಂದದ್ದಕ್ಕೆ ಕಾರಣ ಅದೇ, ಚಾರ್ಜರ್ ಹಾಕಿದ ಕೂಡಲೇ ಲೋಗೋ ಬರುವುದಕ್ಕೂ ಅದೇ. ಪವರ್ ಬಟನ್ ಅನ್ನು ಹತ್ತು ಹನ್ನೆರಡು ಸೆಕೆಂಡು ಬಿಡದೆ ಒತ್ತಿದರೆ ಫೋನ್ ಬಲವಂತವಾಗಿ ಮರುಚಾಲನೆಯಾಗುತ್ತದೆ. ನಿಮ್ಮ ಫೋನಿನಲ್ಲಿ ನಡೆಯುತ್ತಿರುವುದು ಇದೇ.

ಇಂಥ ಸ್ಥಿತಿಯಲ್ಲಿ ಮತ್ತೆ ರಿಕವರಿಗೆ ಹೋಗಬೇಡಿ. ಬಾಣದ ಗುರುತು ತಪ್ಪಿ ‘ವೈಪ್ ಡೇಟಾ’ ಮೇಲೆ ನಿಂತರೆ ಬಟನ್ ತಾನೇ ಒತ್ತಿಬಿಡಬಹುದು.

ಮಾಡಬೇಕಾದದ್ದು ಇಷ್ಟು. ಹಿಂಬದಿಯ ಪೌಚ್ ತೆಗೆಯಿರಿ. ಪವರ್ ಬಟನ್ ಒತ್ತಿದಾಗ ಟಕ್ ಎಂದು ಸದ್ದಾಗುತ್ತದೆಯೇ, ವಾಲ್ಯೂಮ್ ಬಟನ್ನಿನಷ್ಟೇ ಹೊರಗೆ ಉಬ್ಬಿದೆಯೇ ನೋಡಿ. ಸುತ್ತ ಏನು ಅಂಟಿದೆ ಎಂದು ನೋಡಿ ಹೇಳಿ. ಒಣಗಿದ ಹಳೆಯ ಹಲ್ಲುಜ್ಜುವ ಬ್ರಷ್, ಮರದ ಹಲ್ಲುಕಡ್ಡಿ ಸಾಕು. ಸೂಜಿ, ಪಿನ್ ಬೇಡ. ಸ್ಯಾನಿಟೈಸರ್ ಸುರಿಯಬೇಡಿ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ.

ಶರಾವತಿ ದಂಡೆ · ಭಾನುವಾರ, ರಾತ್ರಿ 9.15

ಅಂಟಿದ್ದು ಹಲಸಿನ ಮೇಣ!

ಮಳೆ ಹಿಡಿಯುವ ಮೊದಲು ಹಪ್ಪಳ ಮುಗಿಸಬೇಕು ಎಂದು ಅಮ್ಮ ಹತ್ತು ದಿನಗಳಿಂದ ದಿನವೂ ಹಲಸಿನಕಾಯಿ ಕೊಚ್ಚುತ್ತಿದ್ದಾರೆ. ನಡುವೆ ನಾನು ಕರೆ ಮಾಡುತ್ತೇನೆ. ಅದೇ ಕೈಯಲ್ಲಿ ಫೋನ್ ಎತ್ತುತ್ತಾರೆ. ಪೌಚ್‌ನಲ್ಲಿ ಬಟನ್ನಿಗಾಗಿ ಕೊರೆದ ಕಿಂಡಿಯ ಅಂಚಿನಲ್ಲಿ ಮೇಣ ಕಪ್ಪಗೆ ಗಟ್ಟಿಯಾಗಿ, ಅದರ ಮೇಲೆ ಹಪ್ಪಳದ ಹಿಟ್ಟು ಕುಳಿತು, ಬಟನ್ ಅನ್ನು ಒಳಗೆ ಅದುಮಿ ಹಿಡಿದಿತ್ತು. ಪೌಚ್ ಕಳಚಿದಾಗ ಚರ್ ಎಂದು ಎದ್ದು ಬಂತು. ಆದರೂ ಬಟನ್ ಅರ್ಧ ಮಾತ್ರ ಹೊರಬಂದಿದೆ. ಬ್ರಷ್‌ಗೆ ಜಗ್ಗುತ್ತಿಲ್ಲ. ಮೇಣಕ್ಕೆ ಎಣ್ಣೆಯೇ ಮದ್ದು, ಕೊಬ್ಬರಿ ಎಣ್ಣೆ ಹಚ್ಚಲೇ ಎಂದು ಅಮ್ಮ ಕೇಳುತ್ತಿದ್ದಾರೆ.

ಬೋರ್ಡ್ ರಿಪೇರಿ · ಭಾನುವಾರ, 9.21

ಅಮ್ಮನ ಮಾತು ಸರಿ, ಪ್ರಮಾಣ ಮಾತ್ರ ನನ್ನದು. ಹನಿಯನ್ನು ನೇರವಾಗಿ ಬಟನ್ ಮೇಲೆ ಬಿಡಬಾರದು. ಹತ್ತಿಯ ಬಟ್ಟೆಯ ತುದಿಗೆ ಎಣ್ಣೆ ಸೋಕಿಸಿ, ಹಿಂಡಿ, ಆ ತುದಿಯಿಂದ ಅಂಚನ್ನು ಮಾತ್ರ ಒರೆಸಿ. ಬಟನ್ ಇರುವ ಬದಿ ನೆಲದ ಕಡೆಗಿರಲಿ, ಎಣ್ಣೆ ಒಳಗಿಳಿಯಬಾರದು. ಸಡಿಲವಾದದ್ದನ್ನು ಹಲ್ಲುಕಡ್ಡಿಯಿಂದ ಎತ್ತಿ ಒಣಬಟ್ಟೆಯಲ್ಲಿ ಒರೆಸಿ. ಅವಸರ ಬೇಡ.

ಶರಾವತಿ ದಂಡೆ · ಭಾನುವಾರ, 10.40

ಫೋನ್ ಎದ್ದಿದೆ. ಅಮ್ಮ ಪಿನ್ ಹಾಕಿದರು, ಪರದೆ ಬಂತು. ರೆಕಾರ್ಡರ್ ತೆರೆದು ಮೊದಲನೆಯದನ್ನು ಒತ್ತಿದರು. ದೊಡ್ಡಮ್ಮನ ದನಿ. ಅಮ್ಮ ಏನೂ ಮಾತಾಡಲಿಲ್ಲ, ನಾನೂ ಆಡಲಿಲ್ಲ. ಬೋರ್ಡ್ ರಿಪೇರಿಯವರೇ, ನಿಮಗೆ ಹೇಗೆ ಕೃತಜ್ಞತೆ ಹೇಳಲಿ ತಿಳಿಯುತ್ತಿಲ್ಲ.

ಅಪ್‌ಡೇಟ್ ಆಗಿಯೇ ಇರಲಿಲ್ಲ! ಸ್ಟೋರೇಜ್‌ನಲ್ಲಿ 300 ಎಂಬಿ ಮಾತ್ರ ಉಳಿದಿದ್ದು, ಜಾಗ ಸಾಲದೆಂಬ ಸೂಚನೆ ಅಲ್ಲೇ ಕುಳಿತಿತ್ತು. ಎರಡು ಮೂರು ದಿನಗಳಿಂದ ಫೋನ್ ತಾನಾಗಿ ಕಪ್ಪಾಗುತ್ತದೆ ಎಂದು ಅಮ್ಮ ಹೇಳಿದ್ದರು. ಬ್ಯಾಟರಿ ಹಳೆಯದು ಎಂದು ನಾನು ಗಮನ ಕೊಟ್ಟಿರಲಿಲ್ಲ. ಅದು ಬಟನ್ ಅಂಟತೊಡಗಿದ ಲಕ್ಷಣ ಎಂದು ಈಗ ತಿಳಿಯುತ್ತಿದೆ.

ಬೋರ್ಡ್ ರಿಪೇರಿ · ಭಾನುವಾರ, 10.47

ನನಗೂ ನಿದ್ದೆ ಬರುತ್ತಿರಲಿಲ್ಲ, ಈಗ ಬರುತ್ತದೆ. ಆದರೆ ಮೇಡಂ, ಇಂದು ರಾತ್ರಿಯೇ ಹಾಡುಗಳನ್ನು ಹೊರಗೆ ತೆಗೆಯಿರಿ. ಬಟನ್ ಮತ್ತೆ ಅಂಟಬಹುದು. ಆ ಹುಡುಗನ ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಕೇಬಲ್ ಹಾಕಿ, ಫೋನಿನ ಮೇಲಿಂದ ಜಾರಿಸಿದಾಗ ಕಾಣುವ ಯುಎಸ್‌ಬಿ ಸೂಚನೆಯಲ್ಲಿ ‘ಫೈಲ್ ವರ್ಗಾವಣೆ’ ಆರಿಸಬೇಕು. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಚಾರ್ಜ್ ಮಾತ್ರ ಹರಿಯುತ್ತದೆ, ಫೋನ್ ಕಂಪ್ಯೂಟರಿಗೆ ಕಾಣಿಸುವುದಿಲ್ಲ. ಆಗ ಬೇರೆ ಕೇಬಲ್ ಹಾಕಿ ನೋಡಿ. ಕಂಪ್ಯೂಟರ್ ಇಲ್ಲದಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ನಿಮಗೇ ಕಳುಹಿಸಲಿ, ಮೂಲ ಫೈಲ್ ಹಾಗೆಯೇ ಬರುತ್ತದೆ.

ಹಳ್ಳಿ ಮೇಷ್ಟ್ರು · ಸೋಮವಾರ, ಬೆಳಿಗ್ಗೆ 7.10

ಬೆಳಿಗ್ಗೆ ಎದ್ದು ಓದಿ ಕಣ್ಣು ಒದ್ದೆಯಾಯಿತು. ಒಂದು ಸಲಹೆ: ಅಮ್ಮನ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಡಿ. 2014ರ ಆಂಡ್ರಾಯ್ಡ್ 5ರಿಂದಲೇ ಮೆನುಗಳು ಕನ್ನಡದಲ್ಲಿ ಸಿಗುತ್ತವೆ. ಜಾಗ ಸಾಲದು ಎಂಬ ಸೂಚನೆ ಕನ್ನಡದಲ್ಲಿ ಬಂದಿದ್ದರೆ ಅಮ್ಮ ಅಂದೇ ನಿಮಗೆ ಓದಿ ಹೇಳುತ್ತಿದ್ದರು. ನಮ್ಮ ಮಾವನವರಿಗೂ ಹಾಗೆಯೇ ಮಾಡಿದ್ದೇನೆ. ಈಗ ಅನುಮತಿ ಕೇಳಿದಾಗಲೆಲ್ಲ ಜೋರಾಗಿ ಓದಿ, ಕೊಡಲೇ ಎಂದು ಕೇಳುತ್ತಾರೆ. ನೀವು ಫೋನಿನಲ್ಲಿ ದಾರಿ ಹೇಳುವಾಗ ನಿಮ್ಮ ಫೋನಿನ ಭಾಷೆಯನ್ನೂ ಕನ್ನಡಕ್ಕೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ನೀವು ಹೇಳುವ ಹೆಸರು ಅವರ ಪರದೆಯಲ್ಲಿ ಸಿಗುವುದಿಲ್ಲ.

ಶರಾವತಿ ದಂಡೆ · ಸೋಮವಾರ, 8.30

43 ಫೈಲುಗಳು ಬಂದಿವೆ, ಎಲ್ಲವನ್ನೂ ತೆರೆದು ಕೇಳಿದೆ. ಭಾಷೆ ಬದಲಿಸುತ್ತೇನೆ ಮೇಷ್ಟ್ರೇ. ಈಗ ಉಳಿದ ಪ್ರಶ್ನೆ: ಜಾಗ ಮಾಡಿ ಆ ಅಪ್‌ಡೇಟ್ ಹಾಕಲೇ, ಬೇಡವೇ? ಹೊಸ ಫೋನನ್ನೇ ಕೊಡಿಸುವುದು ಒಳ್ಳೆಯದೇ?

ತುಂಗಾ ತೀರ · ಸೋಮವಾರ, 9.05

ಮೊದಲು ಜಾಗ ಮಾಡಿ. ಐದಾರು ಜಿಬಿಯಾದರೂ ಖಾಲಿ ಇರಲಿ. ವಾಟ್ಸ್‌ಆ್ಯಪ್‌ನ ಸ್ಟೋರೇಜ್ ನಿರ್ವಹಣೆಯಲ್ಲಿ ದೊಡ್ಡ ವಿಡಿಯೋಗಳು ಸಾಲಾಗಿ ಕಾಣುತ್ತವೆ, ಅಲ್ಲಿಂದ ಶುರು ಮಾಡಿ. ಇನ್ನೊಂದು ಸಂಗತಿ: 2024ರಿಂದ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಗೂಗಲ್ ಖಾತೆಯ 15 ಜಿಬಿ ಲೆಕ್ಕಕ್ಕೆ ಸೇರುತ್ತದೆ. ಅದು ತುಂಬಿದರೆ ಬ್ಯಾಕಪ್‌ಗಳು ನಿಂತುಹೋಗುತ್ತವೆ.

ನಂತರ ‘ಫೋನ್ ಬಗ್ಗೆ’ ಎಂಬಲ್ಲಿ ಭದ್ರತಾ ಪ್ಯಾಚ್‌ನ (ಸುರಕ್ಷತೆಯ ಲೋಪ ಮುಚ್ಚುವ ತಿದ್ದುಪಡಿಯ) ದಿನಾಂಕ ನೋಡಿ. ಈ ಅಪ್‌ಡೇಟ್ ಅದನ್ನು ಮುಂದಕ್ಕೆ ಒಯ್ಯುವುದಾದರೆ ಹಾಕಿ, ಆದರೆ ನೀವು ಊರಿಗೆ ಹೋದಾಗ, ಹಗಲಿನಲ್ಲಿ, ಚಾರ್ಜ್ ಚೆನ್ನಾಗಿರುವಾಗ.

ಮ್ಯೂನಿಕ್ ಕನ್ನಡತಿ · ಸೋಮವಾರ, ಮಧ್ಯಾಹ್ನ 1.15

ಹೊಸದು ಕೊಳ್ಳುವುದಾದರೆ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಮೊದಲು ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಎಂದು ಕೇಳಿ. 2023ರ ಪಿಕ್ಸೆಲ್ 8, 2024ರ ಗ್ಯಾಲಕ್ಸಿ ಎಸ್24 ಬಂದಾಗ ಏಳು ವರ್ಷದ ಮಾತು ಕೊಟ್ಟರು. ಕಡಿಮೆ ಬೆಲೆಯ ಎಷ್ಟೋ ಫೋನುಗಳಿಗೆ ಎರಡು ಮೂರು ವರ್ಷವಷ್ಟೇ. ಈ ಲೆಕ್ಕ ಶುರುವಾಗುವುದು ಸಾಮಾನ್ಯವಾಗಿ ಆ ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ರಿಯಾಯಿತಿ ಮಾರಾಟದಲ್ಲಿ ಎರಡು ವರ್ಷ ಹಳೆಯ ಮಾದರಿ ಕೊಂಡರೆ ಆ ಎರಡು ವರ್ಷ ಆಗಲೇ ಕಳೆದಿರುತ್ತದೆ.

ಇಲ್ಲಿ ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ನಿಯಮವಿದೆ. ಒಂದು ಮಾದರಿಯ ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ದೊರೆಯಬೇಕು. ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ ಶೇ 80ರಷ್ಟು ಸಾಮರ್ಥ್ಯ ಉಳಿಸಿಕೊಂಡಿರಬೇಕು. ಫ್ರಿಜ್‌ಗೆ ಅಂಟಿಸುವಂಥ ಚೀಟಿ ಈಗ ಫೋನಿಗೂ ಇದೆ. ರಿಪೇರಿ ಎಷ್ಟು ಸುಲಭ ಎಂಬುದನ್ನೂ ಅದರಲ್ಲಿ ಎ, ಬಿ, ಸಿ ಎಂದು ಗುರುತಿಸಿರುತ್ತಾರೆ.

ಕಪ್ಪು ಮಣ್ಣು · ಸೋಮವಾರ, 4.20

ನಾನು ಅಪ್‌ಡೇಟ್ ಮೇಲೆ ತಪ್ಪು ಹೊರಿಸಿದ್ದು ಅವಸರದ ಮಾತಾಯಿತು, ಒಪ್ಪುತ್ತೇನೆ. ಹಸಿರು ಗೆರೆಯ ನೋವು ಮಾತ್ರ ಹಾಗೆಯೇ ಇದೆ. ಅದಕ್ಕೆ ಏನಾದರೂ ದಾರಿ ಇದೆಯೇ?

ತುಂಗಾ ತೀರ · ಸೋಮವಾರ, 4.55

ಇದೆ ಸರ್. ಈ ದೋಷಕ್ಕೆ ಕೆಲವು ಕಂಪನಿಗಳು ವಾರಂಟಿ ಮುಗಿದ ಮೇಲೂ ಪರದೆ ಬದಲಿಸಿಕೊಟ್ಟಿವೆ. ಹಾಗಾಗಿ ಮೊದಲು ಕಂಪನಿಗೇ ಇಮೇಲ್ ಬರೆಯಿರಿ, ಉತ್ತರವನ್ನು ಉಳಿಸಿಕೊಳ್ಳಿ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ. ಬಿಲ್, ಸರ್ವಿಸ್ ಸೆಂಟರ್‌ನ ಚೀಟಿ, ಗೆರೆಯ ಫೋಟೋ ಇಟ್ಟುಕೊಳ್ಳಿ.

ಬೋರ್ಡ್ ರಿಪೇರಿ · ಸೋಮವಾರ, ಸಂಜೆ 6.10

ಮೇಡಂ, ಆ ಬಟನ್ ಈಗ ಹೇಗಿದೆ? ಪ್ರತಿ ಸಲವೂ ಟಕ್ ಎನ್ನುತ್ತಿದೆಯೇ?

ಶರಾವತಿ ದಂಡೆ · ಸೋಮವಾರ, 8.05

ಟಕ್ ಎನ್ನುತ್ತಿದೆ ಸರ್. ಹಾಡುಗಳ ಒಂದು ಪ್ರತಿ ನನ್ನ ಕಂಪ್ಯೂಟರಿನಲ್ಲಿ, ಒಂದು ಗೂಗಲ್ ಡ್ರೈವ್‌ನಲ್ಲಿ, ಇನ್ನೊಂದನ್ನು ಪೆನ್ ಡ್ರೈವ್‌ಗೆ ಹಾಕಿ ಅಣ್ಣನಿಗೆ ಕೊಡುತ್ತೇನೆ. ಯಾವ ಹಾಡು ಯಾವ ಶಾಸ್ತ್ರಕ್ಕೆ ಎಂದು ಅಮ್ಮನ ಬಾಯಿಂದ ಕೇಳಿ ಫೈಲುಗಳಿಗೆ ಹೆಸರಿಡುತ್ತಿದ್ದೇನೆ, ಇಂದು ಹನ್ನೊಂದು ಆಯಿತು. ಹೊಸ ಫೋನಿನ ವಿಚಾರವನ್ನು ಮ್ಯೂನಿಕ್‌ನ ಅಕ್ಕ ಹೇಳಿದಂತೆ ವರ್ಷಗಳ ಲೆಕ್ಕ ಹಾಕಿ ದೀಪಾವಳಿಗೆ ನೋಡುತ್ತೇನೆ.

ಹಪ್ಪಳದ ಕೆಲಸ ಇನ್ನೂ ಒಂದು ವಾರವಿದೆಯಂತೆ. ಅಲ್ಲಿಯವರೆಗೆ ಫೋನ್ ಜಗಲಿಯ ಗೂಡಿನಲ್ಲಿ ಇರುತ್ತದೆ. ಹಗಲಲ್ಲಿ ನಾನು ಕರೆ ಮಾಡಿದರೆ ಪಕ್ಕದ ಮನೆಯ ಹುಡುಗ ಎತ್ತಿ ಅಮ್ಮನ ಕಿವಿಗೆ ಹಿಡಿಯುತ್ತಾನೆ.